ನಮಗೂ ಒಂದು ‘ಮನೆ ಬಂತು’

ನಮ್ಮ ಕಡೆ ಪಂಚಾಯ್ತಿಯಿಂದ ಮನೆ ಸಿಕ್ಕರೆ ‘ಮನೆ ಬಂತು’ ಅನ್ನುತ್ತಾರೆ. ‘ಅವ್ರಿಗೆ ಈ ಸಲ ಬಂತಂತೆ, ನಿಮಗೆ ಬಂತಾ?’ ಅಂತ ಕೇಳುವುದು ಬಸ್ಸಿನ ವಿಷಯ ಕೇಳಿದ ಹಾಗೇ ಇರುತ್ತದೆ. ನಾನು ಗಾರೆ ಕೆಲಸದವನು. ಶಿರಾ ಸೀಮೆಯ ನಮ್ಮೂರು, ಅಕ್ಕಪಕ್ಕದ ಊರು ಸೇರಿ ಹೀಗೆ ‘ಬಂದ’ ಮನೆಗಳನ್ನು ಹತ್ತು ಹನ್ನೆರಡು ಕಟ್ಟಿಕೊಟ್ಟಿದ್ದೆ. ಎಲ್ಲ ಗೊತ್ತು ಅಂದುಕೊಂಡಿದ್ದೆ. 2018ರಲ್ಲಿ ನನ್ನ ಹೆಂಡತಿ ಹೆಸರಿಗೇ ಬಂದಾಗ, ಕರಣೆ ಹಿಡಿಯುವುದು ಬೇರೆ, ಫೈಲು ಹಿಡಿಯುವುದು ಬೇರೆ ಅಂತ ಗೊತ್ತಾಯಿತು.

ನಮಗೆ ಸಿಕ್ಕಿದ್ದು ಬಸವ ವಸತಿ ಯೋಜನೆಯಲ್ಲಿ. 1991-92ರಲ್ಲಿ ಆಶ್ರಯ ಅಂತ ಶುರುವಾದ ಯೋಜನೆ ಇದು. 2010-11ರಿಂದ ಹೆಸರು ಬದಲಾಗಿದೆ, ಆದರೆ ಊರಲ್ಲಿ ಈಗಲೂ ‘ಆಶ್ರಯ ಮನೆ’ ಅಂತಲೇ ಕರೆಯುವುದು. ಹೆಸರು ಆರಿಸುವುದು ಗ್ರಾಮಸಭೆಯಲ್ಲಿ. ದುಡ್ಡು ಬರುವುದು ಬೆಂಗಳೂರಿನ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದಿಂದ, ನೇರ ಬ್ಯಾಂಕ್ ಖಾತೆಗೆ. ನಮಗೆ ಮಂಜೂರಾಗಿದ್ದು 1.20 ಲಕ್ಷ. ಪಾಯ, ಲಿಂಟಲ್ (ಬಾಗಿಲು ಕಿಟಕಿ ಮೇಲಿನ ಕಾಂಕ್ರೀಟ್ ಪಟ್ಟಿ), ಮೋಲ್ಡ್ (ಕಾಂಕ್ರೀಟ್ ಚಾವಣಿ), ಮುಕ್ತಾಯ ಅಂತ ನಾಲ್ಕು ಕಂತು, ತಲಾ 30 ಸಾವಿರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅಂಬೇಡ್ಕರ್ ನಿವಾಸ್ ಯೋಜನೆ ಬೇರೆ ಇದೆ, ಅದರಲ್ಲಿ ಮೊತ್ತ ಜಾಸ್ತಿ. ವಿಧವೆಯರು, ಅಂಗವಿಕಲರು ಇಂಥವರಿಗೆ ದೇವರಾಜ ಅರಸು ವಸತಿ ಯೋಜನೆ ಇದೆ. ನಮ್ಮ ಬೀದಿಯ ಒಬ್ಬ ಅಜ್ಜಿ ಎರಡು ವರ್ಷ ಬಸವ ವಸತಿಗೇ ಅರ್ಜಿ ಹಾಕಿಕೊಂಡು ಕೂತಿತ್ತು, ಪಾಪ. ಯಾವುದಕ್ಕೆ ಹಾಕಬೇಕು ಅಂತ ಮೊದಲು ಕೇಳಿಕೊಳ್ಳಬೇಕು.

ಮನೆ ಮಂಜೂರಾಗುವುದು ಹೆಂಗಸರ ಹೆಸರಿಗೆ. ಹೆಂಡತಿ ತೀರಿಕೊಂಡವರು, ಮಾಜಿ ಸೈನಿಕರು, ಅಂಗವಿಕಲರು ಇಂಥ ಕೆಲವರನ್ನು ಬಿಟ್ಟರೆ ಗಂಡಸರಿಗೆ ಇಲ್ಲ. ನಮಗೆ ತೊಡಕಾಗಿದ್ದು ಇಲ್ಲೇ. ಜಾಗ ಅಪ್ಪನ ಹೆಸರಲ್ಲಿತ್ತು, ಅಪ್ಪ ತೀರಿಹೋಗಿ ಎಷ್ಟೋ ವರ್ಷ ಆಗಿತ್ತು. ಮೊದಲು ಅಮ್ಮನ ಹೆಸರಿಗೆ ಪೌತಿ ಖಾತೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರಿಗೆ ಬದಲಾಯಿಸುವುದು, ಆಮೇಲೆ ಅಮ್ಮನಿಂದ ಸೊಸೆಗೆ ದಾನಪತ್ರ, ಅದಾದ ಮೇಲೆ ಪಂಚಾಯ್ತಿಯ ಕಂಪ್ಯೂಟರ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11. ಈ ಒಂದು ಸಾಲು ಬರೆಯಲು ಒಂದು ನಿಮಿಷ ಸಾಕು, ಓಡಾಡಿದ್ದು ಮಾತ್ರ ಏಳು ತಿಂಗಳು. ಅಣ್ಣ ಸಹಿ ಹಾಕಲು ಸ್ವಲ್ಪ ಹಿಂದೆ ಮುಂದೆ ನೋಡಿದ. ಅಮ್ಮನೇ ಮಾತು ಮುಗಿಸಿದಳು. ‘ಅವಳ ಹೆಸರಲ್ಲೇ ಇರ್ಲಿ ಬಿಡಪ್ಪ. ಇವನ ಹೆಸ್ರಿಗಾದ್ರೆ ನಾಳೆ ಯಾವುದಾದ್ರೂ ಚೀಟಿ ಸಾಲಕ್ಕೆ ಅಡ ಇಟ್ಟಾನು’ ಅಂದಳು. ನಾನು ಅಲ್ಲೇ ಕೂತಿದ್ದೆ.

ಹಾಗಾಗಿ ಯಾರು ಕೇಳಿದರೂ ಒಂದೇ ಹೇಳುತ್ತೇನೆ. ಪಟ್ಟಿಯಲ್ಲಿ ಹೆಸರು ಬರಲಿ, ಆಮೇಲೆ ಖಾತೆ ಮಾಡಿಸೋಣ ಅಂತ ಕೂರಬೇಡಿ. ಗ್ರಾಮಸಭೆಗೆ ಮುಂಚೆನೇ ಜಾಗದ ಕಾಗದ ಸರಿ ಮಾಡಿಕೊಳ್ಳಿ. ಸರ್ಕಾರಿ ಜಾಗದಲ್ಲಿ ಹಳೇ ಮನೆ ಇರುವವರದು ಬೇರೆ ದಾರಿ, ಅವರು ಭೂಕಂದಾಯ ಕಾಯ್ದೆಯ 94ಸಿ ಅಡಿಯಲ್ಲಿ ಹಕ್ಕುಪತ್ರಕ್ಕೆ ಓಡಾಡಬೇಕು. ಗ್ರಾಮಸಭೆಗೆ ಮಾತ್ರ ತಪ್ಪದೆ ಹೋಗಿ ಕೂರಬೇಕು. ನಮ್ಮ ಸರದಿ ಬಂದಾಗ ಹೆಂಡತಿ ಎದ್ದು ನಿಂತು, ಮಣ್ಣಿನ ಗೋಡೆ ಮಳೆಗೆ ಕುಸಿದಿದ್ದು, ಮೇಲೆ ನಾಡಹೆಂಚು ಸೋರುವುದು, ಎಲ್ಲ ಹೇಳಿದಳು. ಎದುರು ಕೂತವರೆಲ್ಲ ನಮ್ಮ ಮನೆ ನೋಡಿದವರೇ, ಯಾರೂ ತಕರಾರು ಎತ್ತಲಿಲ್ಲ. ಮಧ್ಯೆ ಒಬ್ಬ ಬಂದು, ಐದು ಸಾವಿರ ಕೊಟ್ರೆ ಬಿಲ್ಲು ಬೇಗ ಮಾಡಿಸಿಕೊಡ್ತೀನಿ ಅಂದ. ಆಮೇಲೆ ನೋಡೋಣ ಅಂದೆ. ಇನ್ನೂ ನೋಡ್ತಾ ಇದ್ದೇನೆ.

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಕಾರ್ಯಾದೇಶ, ಅಂದರೆ ಕೆಲಸ ಶುರು ಮಾಡಿ ಅನ್ನುವ ಪತ್ರ, ಕೈಗೆ ಬಂದ ದಿನವೇ ದುಡ್ಡು ಬರುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಬರಲ್ಲ. ಪಾಯ ಮುಗಿದ ಮೇಲೆ, ಫಲಾನುಭವಿಯನ್ನು ಅದರ ಮುಂದೆ ನಿಲ್ಲಿಸಿ ಜಿಪಿಎಸ್ ಫೋಟೊ ತೆಗೆದು ಅಪ್‌ಲೋಡ್ ಮಾಡಿದ ಮೇಲೆ ಪಾಯದ ಕಂತು. ಲಿಂಟಲ್ ಆದ ಮೇಲೆ ಲಿಂಟಲ್‌ದು. ಅಂದರೆ ಪ್ರತಿ ಹಂತಕ್ಕೂ ಮೊದಲು ನಮ್ಮ ಕೈಯಿಂದ ಹಾಕಬೇಕು, ಆಮೇಲೆ ಕಂತು ಬರುತ್ತದೆ. ಕೈಯಲ್ಲಿ ಪಾಯದಷ್ಟು ದುಡ್ಡು ಇಲ್ಲದಿದ್ದರೆ ಮನೆ ಶುರುವೇ ಆಗುವುದಿಲ್ಲ.

ಇನ್ನೊಂದು, ಅಳತೆ. ನಾನು ಕೆಲಸ ಮಾಡಿದ ಒಂದು ಮನೆ ಪಕ್ಕದೂರಲ್ಲಿ ಈಗಲೂ ಹಾಗೇ ನಿಂತಿದೆ. ‘ಕಟ್ಟೋದು ಒಂದೇ ಸಲ, ದೊಡ್ಡದಾಗೇ ಇರ್ಲಿ ಮೇಸ್ತ್ರಿ’ ಅಂದರು ಮನೆಯವರು. ನಾನೂ ಕೂಲಿ ಸಿಗುತ್ತಲ್ಲ ಅಂತ ತಲೆಯಾಡಿಸಿದೆ. ಎಂಟು ಚದರಕ್ಕೆ, ಅಂದರೆ 800 ಚದರ ಅಡಿಗೆ, ದಾರ ಕಟ್ಟಿ ಪಾಯ ತೋಡಿಸಿದೆ. ಲಿಂಟಲ್ ಮಟ್ಟಕ್ಕೆ ಬರುವಷ್ಟರಲ್ಲಿ ಎರಡು ಕಂತೂ ಖಾಲಿ, ಮೇಲೆ ಸಾಲ ಬೇರೆ. ಮೂರು ವರ್ಷ ಬಿಟ್ಟು ಆ ಕಡೆ ಹೋದಾಗ ಕಿಟಕಿ ಮೇಲಿನ ಸಜ್ಜಾದ ಸಂದಿನಲ್ಲಿ ಅರಳಿ ಗಿಡ ಮೊಣಕಾಲುದ್ದ ಬೆಳೆದಿತ್ತು. ಒಳಗೆ ದನ ಕಟ್ಟಿದ್ದರು. ಮನೆಯವರು ಪಕ್ಕದ ಶೀಟಿನ ಗುಡಿಸಲಲ್ಲೇ ಇದ್ದರು. ನನ್ನನ್ನು ಕೂರಿಸಿ ಟೀ ಕೊಟ್ಟರು. ಆ ಟೀ ಗಂಟಲಲ್ಲಿ ಇಳಿಯಲಿಲ್ಲ.

ಅದಕ್ಕೇ ನಮ್ಮದಕ್ಕೆ ಮೂರೇ ಚದರ ಅಂತ ಗಟ್ಟಿ ಮಾಡಿಕೊಂಡೆ. ಹೊರ ಅಳತೆ 20 ಅಡಿಗೆ 15 ಅಡಿ. ಒಂದು ಹಜಾರ, ಒಂದು ರೂಮು, ಹಜಾರದ ಮೂಲೆಯಲ್ಲೇ ಅಡುಗೆ ಕಟ್ಟೆ. ಹೆಂಡತಿ ಮುಖ ಸಣ್ಣ ಮಾಡಿದಳು. ‘ಊರಿಗೆಲ್ಲ ಕಟ್ಟಿಕೊಡ್ತೀರಿ, ನಮ್ಮನೆ ಮಾತ್ರ ಬೆಂಕಿಪೊಟ್ಣನಾ?’ ಅಂದಳು. ಅವಳನ್ನು ಕರೆದುಕೊಂಡು ಹೋಗಿ ಆ ಅರಳಿ ಗಿಡ ತೋರಿಸಿದೆ. ಆಮೇಲೆ ಸುಮ್ಮನಾದಳು.

ನಮ್ಮದು ಕಪ್ಪು ಮಣ್ಣಲ್ಲ, ಮೂರಡಿಗೆ ಗಟ್ಟಿ ನೆಲ ಸಿಕ್ಕಿತು. ಸೈಜುಗಲ್ಲಿನ ಪಾಯ, ಮೇಲೆ ಒಂದು ಕಾಂಕ್ರೀಟ್ ಬೆಲ್ಟು. ಪಾಯಕ್ಕೆ 45 ಸಾವಿರ ಹೋಯಿತು, ಅದೂ ಮೇಸ್ತ್ರಿ ಕೂಲಿ ನನ್ನದೇ ಆಗಿದ್ದಕ್ಕೆ. ಗೋಡೆಗೆ ಆರಿಂಚಿನ ಸಿಮೆಂಟ್ ಬ್ಲಾಕು ಸುಮಾರು 800. ಸಿಮೆಂಟು, ಎಂ ಸ್ಯಾಂಡ್ ಎಲ್ಲ ಸೇರಿ 39 ಸಾವಿರ. ಮೋಲ್ಡ್‌ಗೆ 25 ಚೀಲ ಸಿಮೆಂಟು, ಮೂರು ಕ್ವಿಂಟಲ್ ಹತ್ತಿರ ಕಂಬಿ, ಸೆಂಟ್ರಿಂಗ್ ಬಾಡಿಗೆ, ಮಿಕ್ಸರ್, ಆಳು, ಆ ದಿನದ ಊಟ, ಒಟ್ಟು 50 ಸಾವಿರ. ಕಂತು ಅದೇ 30. ಸಾಲ ಹೆಚ್ಚುವುದು ಮೋಲ್ಡ್ ಹಂತದಲ್ಲೇ. ಎಂಟು ಚದರದವರಿಗೆ ಏನಾಯಿತು ಅಂತ ಈಗ ನೀವೇ ಲೆಕ್ಕ ಹಾಕಿ. ಬಾಗಿಲು ಕಿಟಕಿಗೆ 18, ಪ್ಲಾಸ್ಟರಿಂಗು ಮತ್ತು ನೆಲಕ್ಕೆ 35, ಕರೆಂಟ್ ವೈರಿಂಗ್‌ಗೆ 8, ಶೌಚಾಲಯಕ್ಕೆ 15. ಎಲ್ಲ ಕೂಡಿದರೆ 2.10 ಲಕ್ಷ.

ಇದರಲ್ಲಿ ಕಂತು 1.20 ಲಕ್ಷ. ಸ್ವಚ್ಛ ಭಾರತ್‌ನಿಂದ ಶೌಚಾಲಯಕ್ಕೆ 12 ಸಾವಿರ. ಇನ್ನೊಂದು ದುಡ್ಡನ್ನು ಬಹಳ ಜನ ಬಿಟ್ಟುಬಿಡುತ್ತಿದ್ದರು. ವಸತಿ ಯೋಜನೆಯ ಮನೆಗೆ ಆಗ ಉದ್ಯೋಗ ಖಾತರಿಯಲ್ಲಿ 90 ದಿನದ ಕೂಲಿ ಸಿಗುತ್ತಿತ್ತು. ನಮ್ಮ ಮನೆಯನ್ನು ನಾವೇ ಕಟ್ಟಿಕೊಂಡಿದ್ದಕ್ಕೆ ನಮಗೇ ಕೂಲಿ! ಆ ವರ್ಷ ದಿನಕ್ಕೆ 249 ರೂಪಾಯಿ ಇತ್ತು. 90 ದಿನಕ್ಕೆ 22,410. ಜಾಬ್ ಕಾರ್ಡು ಇರಬೇಕಿತ್ತು, ಕೆಲಸ ಶುರು ಮಾಡುವ ಮುಂಚೆ ಎನ್‌ಎಂಆರ್ (ಕೂಲಿಯವರ ಹಾಜರಿ ಪಟ್ಟಿ) ತೆಗೆಸಬೇಕಿತ್ತು. ಮನೆ ಮುಗಿಸಿ ಹೋಗಿ ಕೇಳಿದರೆ ಏನೂ ಸಿಗುತ್ತಿರಲಿಲ್ಲ. ನಾನು ಕಟ್ಟಿದ ಹಳೇ ಮನೆಗಳಲ್ಲಿ ಅರ್ಧಕ್ಕರ್ಧ ಜನ ಇದನ್ನು ಕಳೆದುಕೊಂಡಿದ್ದಾರೆ. ನನಗೂ ಆಗ ಗೊತ್ತಿರಲಿಲ್ಲ, ಹೇಳಲಿಲ್ಲ. ಮಿಕ್ಕ 55 ಸಾವಿರ ಚಿಲ್ಲರೆಗೆ ಹೆಂಡತಿಯ ಸಂಘದಲ್ಲಿ 40 ಸಾವಿರ ಸಾಲ, ಎರಡು ಮೇಕೆ ಮಾರಿದ್ದು. ಒಂದು ಮೇಕೆ ಅಮ್ಮನದು. ಆ ಲೆಕ್ಕ ಇನ್ನೂ ತೀರಿಲ್ಲ ಅನ್ನುತ್ತಾಳೆ.

ಮಧ್ಯೆ ಒಂದು ಪೇಚಾಟ ಆಯಿತು. ಪಾಯದ ಫೋಟೊ ಆಗಿ ತಿಂಗಳಾದರೂ ಪಾಸ್‌ಬುಕ್ಕಿನಲ್ಲಿ ಕಂತಿನ ಸುದ್ದಿಯೇ ಇಲ್ಲ. ವಾರಕ್ಕೆರಡು ಸಲ ಪಂಚಾಯ್ತಿಗೆ ಹೋಗಿ ಕೂಗಾಡಿದೆ. ಅಲ್ಲಿದ್ದ ಕಂಪ್ಯೂಟರ್ ಹುಡುಗ ಫಲಾನುಭವಿ ಸಂಖ್ಯೆ ಹಾಕಿ ತೋರಿಸಿದ. ‘ಹಣ ಪಾವತಿಯಾಗಿದೆ ಅಂತ ಇದೆಯಲ್ಲಣ್ಣ’ ಅಂದ. ಹಾಗಾದರೆ ನೀವೇ ತಿಂದಿದ್ದೀರಿ ಅಂತ ಎಲ್ಲರ ಮುಂದೆ ಅಂದುಬಿಟ್ಟೆ. ಮನೆಗೆ ಬಂದು ಹೇಳಿದರೆ ಹೆಂಡತಿ ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ರೀ, ಆ ಜನಧನ್ ಖಾತೆ ಒಂದು ಮಾಡಿಸಿದ್ರಲ್ಲಾ, ಅದ್ರಲ್ಲಿ ನೋಡಿದ್ರಾ?’ ಅಂದಳು. ಟ್ರಂಕಿನ ತಳದಿಂದ ಆ ಪಾಸ್‌ಬುಕ್ ತೆಗೆದು ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿದೆವು. 30 ಸಾವಿರ ಅಲ್ಲೇ ಬೆಚ್ಚಗೆ ಕೂತಿತ್ತು. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿರುತ್ತದೋ ಅಲ್ಲಿಗೇ ಹಣ ಹೋಗುವುದು. ಅರ್ಜಿಯ ಜೊತೆ ನಾವು ಕೊಟ್ಟ ಪಾಸ್‌ಬುಕ್ ಜೆರಾಕ್ಸಿಗೆ ಅಲ್ಲಿ ಬೆಲೆ ಇಲ್ಲ. ಮಾರನೇ ದಿನ ಹೋಗಿ ಆ ಹುಡುಗನಿಗೆ ತಪ್ಪಾಯ್ತು ಕಣಪ್ಪ ಅಂದೆ. ನಕ್ಕು, ‘ವಾರಕ್ಕೊಬ್ಬರು ಹಿಂಗೇ ಬರ್ತಾರೆ ಬಿಡಣ್ಣ’ ಅಂದ.

ಫೋಟೊ ತೆಗೆಯುವವರು ಬರುವವರೆಗೆ ಕೆಲಸ ನಿಲ್ಲಿಸಿ ಕಾಯುವುದು ನನ್ನಂಥವನಿಗೆ ಹಿಂಸೆ. ಆಳು ಸಿಕ್ಕಿದಾಗ ಕೆಲಸ ಮಾಡಿಬಿಡಬೇಕು ಅನಿಸುತ್ತೆ. ಆದರೂ ಕಾದೆ. ಪಾಯದ ಮೇಲೆ ನಾಲ್ಕು ದಿನ ನೀರು ಹೊಡೆದುಕೊಂಡು ಸುಮ್ನೆ ಕೂತೆ. ಗಾರೆಯವನಿಗೆ ಇದರಲ್ಲಿ ಒಂದು ಲಾಭವೂ ಇದೆ. ಬಿಸಿಲು ಸೀಮೆಯಲ್ಲಿ ಯಾರೂ ಸರಿಯಾಗಿ ಕ್ಯೂರಿಂಗ್ ಮಾಡಲ್ಲ, ಇಲ್ಲಿ ಫೋಟೊ ನೆಪದಲ್ಲಾದರೂ ಆಗುತ್ತದೆ.

ಕೊನೆ ಕಂತಿನ ಫೋಟೊಗೆ ಸುಣ್ಣ ಬಣ್ಣ ಆಗಿ, ಗೋಡೆ ಮೇಲೆ ಯೋಜನೆಯ ಹೆಸರು, ಹೆಂಡತಿಯ ಹೆಸರು ಬರೆಸಿದೆವು. ಅವಳು ಮದುವೆಗೆ ಉಟ್ಟ ಸೀರೆ ತೆಗೆದು ಉಟ್ಟುಕೊಂಡು ಬಂದು ನಿಂತಳು. ಫೋಟೊ ತೆಗೆಯುವವರು ಆತುರದಲ್ಲಿದ್ದರು, ಎರಡು ಸೆಕೆಂಡಿನಲ್ಲಿ ಮುಗಿಯಿತು. ಸೀರೆ ಬಿಚ್ಚಲು ಮನಸ್ಸು ಬಾರದೆ ಅವತ್ತು ಸಂಜೆಯವರೆಗೂ ಅದರಲ್ಲೇ ಇದ್ದಳು. ಆ ಕಂತು ಬಂದಿದ್ದು ಎರಡು ತಿಂಗಳಿಗೆ, ಸೆಂಟ್ರಿಂಗ್‌ನವನ ಬಾಕಿ, ಕಬ್ಬಿಣದಂಗಡಿ ಬಾಕಿ ಅಂತ ಹೋಯಿತು.

ಮೋಲ್ಡ್ ಹಾಕುವಾಗ ನಾಲ್ಕು ಮೂಲೆಯಲ್ಲೂ ಎರಡಡಿ ಕಂಬಿ ಮೇಲಕ್ಕೆ ಬಿಟ್ಟಿದ್ದೆ. ಮುಂದೆ ಮೇಲೊಂದು ರೂಮು ಏರಿಸುವ ಆಸೆ. ಗಾರೆಯವನ ದುರಾಸೆ ಅಂತ ಅಮ್ಮ ಬೈಯುತ್ತಾಳೆ. ತುಕ್ಕು ಹಿಡಿಯದಿರಲಿ ಅಂತ ಸಿಮೆಂಟ್ ಹಾಲು ಬಳಿದಿದ್ದೇನೆ. ಸದ್ಯಕ್ಕೆ ಅದಕ್ಕೆ ಹಗ್ಗ ಕಟ್ಟಿ ಹೆಂಡತಿ ಬಟ್ಟೆ ಒಣಗಿಸುತ್ತಾಳೆ.