ಭತ್ತದ ಹುಲ್ಲಲ್ಲಿ ಅಣಬೆ ಬೆಳೆಸಿ ಸೀಲಿಂಗ್ ಹಲಗೆ ಮಾಡುವ ಬಗೆ

ಏಪ್ರಿಲ್ ಬಂತೆಂದರೆ ಮೈಸೂರಿನ ಆರ್‌ಸಿಸಿ ಮನೆಗಳ ಮೇಲಂತಸ್ತು ರಾತ್ರಿಯೂ ಕಾವು ಬಿಡುವುದಿಲ್ಲ. ಸೀಲಿಂಗ್‌ಗೆ ಥರ್ಮಾಕೋಲ್ ಹಾಕಿಸುವ ಬದಲು, ಮಂಡ್ಯ ಸೀಮೆಯ ಭತ್ತದ ಹುಲ್ಲು ಮತ್ತು ಚಿಪ್ಪಣಬೆ ಬೀಜದಿಂದ (ಅಣಬೆ ಎಳೆ ಹಬ್ಬಿಸಿದ ಕಾಳು) ಹಗುರ ಹಲಗೆಯನ್ನು ಮನೆಯಲ್ಲೇ ಬೆಳೆಸಬಹುದು. ಅಣಬೆಯ ಬಿಳಿ ಎಳೆಗಳು, ಅಂದರೆ ಮೈಸೀಲಿಯಂ, ಹುಲ್ಲನ್ನು ಹೆಣೆದು ಬಿಗಿಯುತ್ತವೆ. ನಡುವೆ ಉಳಿದ ಗಾಳಿ ಕಾವು ತಡೆಯುತ್ತದೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಮಳೆಗೆ ನೆನೆಯದ ಹೊಸ ಹುಲ್ಲನ್ನೇ ತನ್ನಿ. 25×25 ಸೆಂ.ಮೀ. ಅಳತೆಯ, 4 ಸೆಂ.ಮೀ. ದಪ್ಪದ ಹಲಗೆಗೆ ಸುಮಾರು 280 ಗ್ರಾಂ ಒಣಹುಲ್ಲು ಸಾಕು. 2-3 ಸೆಂ.ಮೀ. ತುಂಡು ಮಾಡಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ 75-80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ.

ಕೆಲಸ ಕೆಡುವುದು ಹೆಚ್ಚಾಗಿ ನೀರಿನಿಂದಲೇ. ಹುಲ್ಲನ್ನು ಬಸಿದು, ಪೂರ್ತಿ ತಣಿದ ಮೇಲೆ ಒಂದು ಹಿಡಿ ಬಿಗಿಯಾಗಿ ಹಿಂಡಿ ನೋಡಿ: ಒಂದೆರಡು ಹನಿ ಜಿನುಗಬೇಕು, ಧಾರೆ ಇಳಿಯಬಾರದು. ತೂಕ 800 ಗ್ರಾಂ ಆಸುಪಾಸಿಗೆ ಬಂದಿರಬೇಕು. ನೀರು ಹೆಚ್ಚಿದ್ದರೆ ಒಳಗೆ ಗಾಳಿಯಾಡದೆ ಹುಲ್ಲು ಕೊಳೆತು ಹುಳಿ ನಾತ ಹೊಡೆಯುತ್ತದೆ. ಬಿಸಿ ಆರುವ ಮೊದಲೇ ಬೀಜ ಬೆರೆಸಿದರೆ ಬೀಜ ಸಾಯುತ್ತದೆ.

ಕೈಗೆ ಸ್ಪಿರಿಟ್ ಸವರಿಕೊಂಡು 80 ಗ್ರಾಂ ಬೀಜ ಬೆರೆಸಿ. ಪ್ಲಾಸ್ಟಿಕ್ ಹಾಳೆ ಹಾಸಿದ ಅಚ್ಚಿಗೆ ತುಂಬಿ, ಮೂಲೆಗಳನ್ನು ಮೊದಲು ಒತ್ತಿ. ಅವೇ ಮೊದಲು ಉದುರುವುದು. ಸೂಜಿತೂತು ಮಾಡಿದ ಹಾಳೆ ಮುಚ್ಚಿ, 22-27 ಡಿಗ್ರಿಯ ಕತ್ತಲೆ ಕೋಣೆಯಲ್ಲಿ 10-14 ದಿನ ಬಿಡಿ. ದಪ್ಪ ಹೆಚ್ಚಿಸುವ ಆಸೆ ಬೇಡ, ನಡುವೆ ಉಸಿರುಕಟ್ಟಿ ಎಳೆ ಹಬ್ಬುವುದಿಲ್ಲ. ಹಸಿರು ಬೂಷ್ಟು ಕಂಡರೆ ಅದು ಹೆಚ್ಚಾಗಿ ಟ್ರೈಕೋಡರ್ಮಾ ಎಂಬ ಬೇರೆ ಶಿಲೀಂಧ್ರ: ಹುಲ್ಲಿಗೆ ಕಾವು ಸಾಲಲಿಲ್ಲ ಅಥವಾ ಕೈ ಶುದ್ಧವಿರಲಿಲ್ಲ. ಕೆರೆದು ಉಳಿಸಲು ಹೋಗದೆ, ಹಾಳೆ ಬಿಚ್ಚದೆ ಹೊರಗೆ ಸಾಗಿಸಿ.

ಪೂರ್ತಿ ಬೆಳ್ಳಗಾದ ಮೇಲೆ ಅಚ್ಚಿನಿಂದ ತೆಗೆದು, ತಿರುವಿಹಾಕಿ, ಸಡಿಲವಾಗಿ ಮುಚ್ಚಿ ಎರಡು ದಿನ ಇಡಿ. ಮೇಲೆ ಮೆತ್ತನೆಯ ತೊಗಲು ಕಟ್ಟುತ್ತದೆ. ಇನ್ನೂ ತಡಮಾಡಿದರೆ ಅಣಬೆ ಮೊಗ್ಗೊಡೆಯುತ್ತದೆ, ಅದರ ಬೀಜಕಣದ ಧೂಳು ಕೆಲವರಿಗೆ ಕೆಮ್ಮು, ಅಲರ್ಜಿ ತರುತ್ತದೆ.

ಎರಡು ದಿನ ಬಿಸಿಲಿಗಿಟ್ಟು, ನಂತರ ಓಟಿಜಿಯಲ್ಲಿ, ಅಂದರೆ ಅಡುಗೆಮನೆಯ ಕರೆಂಟ್ ಓವನ್‌ನಲ್ಲಿ, 80 ಡಿಗ್ರಿಯಲ್ಲಿ ಒಣಗಿಸಿ. ಗಂಟೆಗೊಮ್ಮೆ ತೂಗಿ, ತೂಕ ಇಳಿಯುವುದು ನಿಂತಾಗ ತೆಗೆಯಿರಿ. ಬರೀ ಬಿಸಿಲನ್ನು ನಂಬಿದರೆ ಶಿಲೀಂಧ್ರ ಪೂರ್ತಿ ಸಾಯದೆ, ಜೂನ್ ತೇವಕ್ಕೆ ಮತ್ತೆ ಚಿಗುರಬಹುದು.

ಹಲಗೆಯ ಅಳತೆಗೆ ಹೊಂದುವ ಫಾಲ್ಸ್ ಸೀಲಿಂಗ್ ಚೌಕಟ್ಟಿನ ಮೇಲೆ ಸುಮ್ಮನೆ ಕೂರಿಸಿದರೆ ಸಾಕು. ಇದು ಉರಿಯುವ ವಸ್ತು, ವೈರು ಮತ್ತು ದೀಪಗಳಿಂದ ದೂರವಿರಲಿ. ಭಾರ ಹೊರುವುದಿಲ್ಲ, ಬಚ್ಚಲುಮನೆಗೂ ಆಗದು. ತಾರಸಿ ಸೋರುತ್ತಿದ್ದರೆ ಮೊದಲು ಸೋರಿಕೆ ಸರಿಪಡಿಸಿ. ನೆನೆದ ಹಲಗೆಯನ್ನು ಮತ್ತೆ ಮೇಲೇರಿಸದೆ ಗೊಬ್ಬರದ ಗುಂಡಿಗೆ ಹಾಕಿ.