ಕಡಂಬುಟ್ಟು ಬಿಡದೆ ಸಕ್ಕರೆಯನ್ನು ಹಿಡಿತದಲ್ಲಿಡುವ ಬಗೆ

ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ ಕೈಗೆ ಸಿಗುವ ಊಟದ ಪಟ್ಟಿಯಲ್ಲಿ ಸಾಮಾನ್ಯವಾಗಿ ಇಡ್ಲಿ, ಚಪಾತಿ, ಮುದ್ದೆಗಳ ಲೆಕ್ಕ ಇರುತ್ತದೆ. ಕೊಡಗಿನ ಮನೆಗಳಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿಯೋ ಹಬೆಯಲ್ಲಿ ಬೇಯಿಸಿದ ಪಾಪುಟ್ಟೋ ಶ್ಯಾವಿಗೆಯಂಥ ನೂಪುಟ್ಟೋ, ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟು ಇಲ್ಲವೇ ಮತ್ತೆ ಅನ್ನ. ಹೆಸರು ಬೇರೆ ಬೇರೆಯಾದರೂ ಒಳಗಿರುವುದು ಅಕ್ಕಿಯೊಂದೇ. ಪಟ್ಟಿಯನ್ನು ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, ಹಳೆಯ ಊಟವನ್ನೇ ಉಣ್ಣುತ್ತಾ ಹೋಗುವವರನ್ನು ಸಿದ್ದಾಪುರದ ಸುತ್ತಮುತ್ತ ಬಹಳ ಕಂಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಅಡುಗೆಯ ಲೆಕ್ಕ ಆ ಪಟ್ಟಿಯಲ್ಲಿ ಇಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು, ಅದೂ ಒಬ್ಬೊಬ್ಬರೇ ಅಲ್ಲ, ನಾಲ್ಕಾರು ಮನೆಯವರು ಸೇರಿ.

ನಾನು ಕಾಫಿ ತೋಟವೊಂದರಲ್ಲಿ ರೈಟರ್ ಆಗಿ ದುಡಿದು ನಿವೃತ್ತನಾದವನು. ಕೆಲಸದವರ ಹಾಜರಿಯನ್ನು ಚೆಕ್‌ರೋಲ್‌ನಲ್ಲಿ ಗೆರೆ ಎಳೆದು ಬರೆಯುತ್ತಿದ್ದ ಅಭ್ಯಾಸ ಈಗ ಊಟದ ಮುಂಚಿನ ಮತ್ತು ನಂತರದ ಸಕ್ಕರೆಯನ್ನು ಬರೆಯಲು ಒದಗಿದೆ. ನಮ್ಮ ಗುಂಪು ಅದನ್ನು ಹೇಗೆ ಮಾಡುತ್ತದೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಪುಟ್ಟಿನ ಲೆಕ್ಕ

ಅಡುಗೆಮನೆಗೆ ಒಂದು ಚಿಕ್ಕ ತಕ್ಕಡಿ ತನ್ನಿ. ಬೆಂದ ಪುಟ್ಟನ್ನು ತೂಗಿದರೆ ಪ್ರಯೋಜನವಿಲ್ಲ, ಅದರಲ್ಲಿ ನೀರಿನ ತೂಕವೇ ಹೆಚ್ಚು. ಒಣ ತರಿಯನ್ನು ತೂಗಬೇಕು. 100 ಗ್ರಾಂ ಅಕ್ಕಿ ತರಿಯಲ್ಲಿ 80 ಗ್ರಾಂಗೆ ಹತ್ತಿರ ಪಿಷ್ಟವಿರುತ್ತದೆ. ನಮ್ಮ ಮನೆಯಲ್ಲಿ 400 ಗ್ರಾಂ ತರಿಗೆ 16 ಉಂಡೆ ಕಟ್ಟುತ್ತೇವೆ. ಒಂದು ಉಂಡೆಗೆ 25 ಗ್ರಾಂ ತರಿ ಬಿತ್ತು, ಅಂದರೆ ಸುಮಾರು 20 ಗ್ರಾಂ ಪಿಷ್ಟ. ಒಂದು ಹೊತ್ತಿಗೆ 45 ಗ್ರಾಂ ದಾಟಬೇಡಿ ಎಂದು ವೈದ್ಯರು ನನಗೆ ಹೇಳಿದ್ದಾರೆ. ಹಾಗಾಗಿ ನನ್ನ ತಟ್ಟೆಗೆ ಎರಡು ಕಡಂಬುಟ್ಟು. ನಿಮ್ಮ ಅಳತೆ ನಿಮ್ಮ ಮಾತ್ರೆ, ಮೈಕೆಲಸ, ತೂಕವನ್ನು ಅವಲಂಬಿಸಿರುತ್ತದೆ. ಅದನ್ನು ನಿಮ್ಮ ವೈದ್ಯರಲ್ಲೇ ಕೇಳಿ ತಿಳಿಯಿರಿ.

ಉಂಡೆಗಳ ಗಾತ್ರ ಒಂದೇ ಇರದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ತರಿ ಬೆಂದು ಇನ್ನೂ ಬಿಸಿಯಿರುವಾಗ ಒಂದು ಪುಟ್ಟ ಸ್ಟೀಲ್ ಬಟ್ಟಲಿನಲ್ಲಿ ಅಳೆದು ತೆಗೆದು, ಅಂಗೈಗೆ ನೀರು ಮುಟ್ಟಿಸಿಕೊಂಡು ಉರುಟಾಗಿ ಮಾಡಿ, ಆಮೇಲೆ ಹಬೆಗೆ ಇಡಿ. ಅಕ್ಕಿ ರೊಟ್ಟಿಗೆ ಹಿಟ್ಟಿನ ಜೊತೆ ಅನ್ನವನ್ನೂ ನಾದುತ್ತೇವಲ್ಲ, ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅನ್ನಕ್ಕೆ ಬೆಳ್ತಿಗೆ ಬದಲು ಕುಚ್ಚಲಕ್ಕಿ ಆದರೆ ಸಕ್ಕರೆ ಏರುವುದು ಸ್ವಲ್ಪ ನಿಧಾನ. ರಾಗಿಯನ್ನು ಎಷ್ಟು ಬೇಕಾದರೂ ತಿನ್ನಬಹುದು ಎನ್ನುವವರ ಮಾತನ್ನು ಮಾತ್ರ ನಂಬಬೇಡಿ. ನುಣ್ಣಗೆ ಬೀಸಿದ ರಾಗಿಯೂ ಪಿಷ್ಟವೇ.

ಪುಟ್ಟು ಕಡಿಮೆಯಾದಾಗ ತಟ್ಟೆಯ ಅರ್ಧ ಭಾಗ ಖಾಲಿ ಕಾಣುತ್ತದೆ. ಅದನ್ನು ತುಂಬಲು ಕೊಡಗಿನ ಮಳೆಗಾಲದಷ್ಟು ಧಾರಾಳ ಬೇರೆ ಯಾವ ಕಾಲಕ್ಕೂ ಇಲ್ಲ. ಕಣಿಲೆ (ಎಳೆ ಬಿದಿರು), ತೆರ್ಮೆ ಸೊಪ್ಪು (ಜರಿಗಿಡದ ಚಿಗುರು), ಅಣಬೆ, ಕೆಸುವಿನ ಎಲೆ. ಕಣಿಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿದ ನೀರನ್ನೂ ಚೆಲ್ಲಿ. ಹಸಿಯದರಲ್ಲಿ ವಿಷದ ಅಂಶವಿರುತ್ತದೆ. ಕೆಸುವಿನ ಗೆಡ್ಡೆ ತರಕಾರಿಯ ಲೆಕ್ಕಕ್ಕೆ ಬರುವುದಿಲ್ಲ, ಅದು ಅನ್ನದ ಸಾಲಿಗೆ ಸೇರಿದ್ದು. ಉಳಿದ ಕಾಲು ಭಾಗಕ್ಕೆ ಮೊಟ್ಟೆ, ಮೀನು, ಕೋಳಿ, ಕಾಳು ಅಥವಾ ಹಂದಿಮಾಂಸ. ಪಂದಿ ಕರಿಯಿಂದ ಸಕ್ಕರೆ ನೇರವಾಗಿ ಏರುವುದಿಲ್ಲ, ನಿಜ. ಆದರೆ ಸಕ್ಕರೆ ಕಾಯಿಲೆಯವರ ಹೃದಯ ಮೊದಲೇ ಅಪಾಯದ ಅಂಚಿನಲ್ಲಿರುತ್ತದೆ, ಆದ್ದರಿಂದ ಕೊಬ್ಬಿನ ತುಂಡನ್ನು ಬದಿಗಿಡಿ. ಪಂದಿ ಕರಿಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ ರುಚಿಗೆ ಇರಲಿ, ಮದ್ದು ಎಂದುಕೊಳ್ಳಬೇಡಿ.

ಬೆಲ್ಲದ ಕಾಫಿಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ: ಬೆಲ್ಲವೂ ಸಕ್ಕರೆಯೇ, ಜೇನೂ ಸಕ್ಕರೆಯೇ. ನಮ್ಮ ಕಾಡಿನ ಜೇನು ಎಷ್ಟೇ ಶುದ್ಧವಾಗಿದ್ದರೂ ರಕ್ತದಲ್ಲಿ ಅದು ಮಾಡುವ ಕೆಲಸ ಬದಲಾಗುವುದಿಲ್ಲ. ಕಿತ್ತಳೆಯನ್ನು ಒಂದೇ ಒಂದು, ತೊಳೆ ಬಿಡಿಸಿ ತಿನ್ನಿ, ಹಿಂಡಿ ಕುಡಿಯಬೇಡಿ.

ಬೆರಳು ಚುಚ್ಚುವ ಮೊದಲು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಊರಿನ ಕೆಲಸದಿಂದಲೇ ಸಕ್ಕರೆ ನೋಡುವ ಮೀಟರಿನ ಅಂಕಿ ಕೆಡುತ್ತದೆ. ಡಿಸೆಂಬರಿನಿಂದ ಕಾಫಿ ಕೊಯ್ಲು. ಹಣ್ಣು ಕಿತ್ತ ಬೆರಳುಗಳ ಮೇಲೆ ಸಿಹಿಯಾದ ಅಂಟು ಒಣಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಚುಚ್ಚಿದರೆ ರಕ್ತದ ಹನಿಯ ಜೊತೆ ಹಣ್ಣಿನ ಸಕ್ಕರೆಯೂ ಸ್ಟ್ರಿಪ್ಪಿಗೆ ಹೋಗುತ್ತದೆ, ಅಂಕಿ ಸುಳ್ಳಾಗಿ ಮೇಲೇರುತ್ತದೆ. ಕಿತ್ತಳೆ ಸುಲಿದ ಕೈಗೂ ಇದೇ ಮಾತು. ಸ್ಯಾನಿಟೈಸರ್ ಒರೆಸಿಕೊಂಡರೆ ಸಾಲದು. ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ, ಬೆರಳ ತುದಿಯ ನಟ್ಟನಡುವೆ ಅಲ್ಲ, ಪಕ್ಕದಲ್ಲಿ ಚುಚ್ಚಿ. ಅಲ್ಲಿ ನೋವು ಕಡಿಮೆ. ಕೈ ಒದ್ದೆಯಿದ್ದರೆ ಹನಿ ತೆಳುವಾಗಿ ಅಂಕಿ ತಗ್ಗುತ್ತದೆ.

ಜುಲೈ ತಿಂಗಳಲ್ಲಿ ಭರಣಿಯ ಉಪ್ಪು ನೀರೊಡೆಯುವ ಊರು ನಮ್ಮದು. ಸ್ಟ್ರಿಪ್‌ಗಳಿಗೆ ಆ ಥಂಡಿ ತಾಗಿದರೆ ಕೆಡುತ್ತವೆ. ಅವು ಬಂದ ಡಬ್ಬಿಯಲ್ಲೇ ಇರಲಿ. ಒಂದನ್ನು ತೆಗೆದ ಕೂಡಲೇ ಮುಚ್ಚಳ ಒತ್ತಿ. ಬೇರೆಯವರಿಗೆ ಕೊಡಲೆಂದು ಕಾಗದದಲ್ಲಿ ಸುತ್ತಿ ಕಳಿಸಬೇಡಿ.

ಹೆಚ್ಚಿನ ವಯಸ್ಕರಿಗೆ ರಕ್ತದ ಸಕ್ಕರೆ ಊಟಕ್ಕೆ ಮುಂಚೆ 80ರಿಂದ 130 (ಮಿ.ಗ್ರಾಂ/ಡೆ.ಲೀ.), ಊಟ ಶುರುಮಾಡಿದ ಎರಡು ಗಂಟೆಗೆ 180ರೊಳಗೆ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಶೇಕಡಾ 7ರೊಳಗೆ ಇರಲಿ ಎನ್ನುತ್ತಾರೆ. ವಯಸ್ಸಾದವರಿಗೆ, ಆಗಾಗ ಸಕ್ಕರೆ ಇಳಿಯುವವರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಕ್ಕರೆ, ಬಿಪಿಯಂಥ ಅಂಟದ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ವಿಭಾಗದಲ್ಲಿ ಪರೀಕ್ಷೆಗೂ ಮಾತ್ರೆಗೂ ಹಣ ಕೊಡಬೇಕಿಲ್ಲ, ಹೆಸರು ನೋಂದಾಯಿಸಿಕೊಳ್ಳಿ.

ಒಂದು ವಾರ, ಒಂದು ತಿಂಡಿ

ನಮ್ಮ ಗುಂಪಿನಲ್ಲಿ ಒಬ್ಬ ಆಟೋ ಚಾಲಕರು, ಒಬ್ಬ ಅಂಗನವಾಡಿ ಕಾರ್ಯಕರ್ತೆ, ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆಯ) ಇಬ್ಬರು ಹೆಂಗಸರು, ಒಬ್ಬ ತೋಟದ ಮಾಲೀಕರ ತಾಯಿ, ನಾನು. ಸಂತೆಯ ದಿನ ಸಾಮಾನು ಕೊಂಡ ಮೇಲೆ ನಮ್ಮ ಜಗಲಿಯಲ್ಲಿ ಸೇರುತ್ತೇವೆ. ವಾರಕ್ಕೆ ಒಂದೇ ತಿಂಡಿಯನ್ನು ಆರಿಸುತ್ತೇವೆ. ಎಲ್ಲರೂ ಅದನ್ನು ಅವರವರ ಮನೆಯಲ್ಲಿ ಮಾಡಿ ತಿಂದು, ಮೊದಲ ತುತ್ತಿಗೆ ಮುಂಚೆ ಒಮ್ಮೆ, ಆಮೇಲೆ ಎರಡು ಗಂಟೆಗೆ ಒಮ್ಮೆ ನೋಡಿ ಬರೆದು ತರಬೇಕು. ವಾರಕ್ಕೆ ಎರಡು ಸ್ಟ್ರಿಪ್ ಎಂದರೆ ಕೂಲಿಯವರಿಗೂ ಹೊರೆಯಾಗದು. ಪುಸ್ತಕದಲ್ಲಿ ಹೆಸರು, ತಿಂಡಿ, ಎಷ್ಟು, ಅದರ ಜೊತೆ ಏನು, ಮುಂಚೆ, ನಂತರ, ತಿಂದ ಮೇಲೆ ಏನು ಮಾಡಿದಿರಿ ಎಂದು ಏಳು ಕಲಂ ಇವೆ.

ಆ ಏಳನೆಯ ಕಲಮಿನ ಬೆಲೆ ಗೊತ್ತಾದದ್ದು ನೂಪುಟ್ಟಿನ ವಾರ. ಅಂಗನವಾಡಿಯವರದು 124ರಿಂದ 168ಕ್ಕೆ ಹೋಗಿತ್ತು. ಆಟೋದವರದು 119ರಿಂದ 238. ಇಬ್ಬರೂ ತಿಂದದ್ದು ಮೂರು ಮೂರೇ.

“ಅಣ್ಣ, ಜೊತೆಗೆ ಏನು ಹಾಕಿಕೊಂಡಿರಿ?” ಎಂದು ಅಂಗನವಾಡಿಯವರು ಕೇಳಿದರು.

“ಕಾಯಿಹಾಲು, ಬೆಲ್ಲ. ತಿಂದವನೇ ಆಟೋ ಹತ್ತಿದೆ, ಅಕ್ಕ.”

“ನಾನು ಮೊಟ್ಟೆ ಸಾರು ಹಾಕಿಕೊಂಡೆ. ಅಂಗನವಾಡಿಗೆ ನಡೆದೇ ಹೋದೆ.”

ಮುಂದಿನ ವಾರ ಆಟೋದವರು ಮೊಟ್ಟೆ ಸಾರಿನಲ್ಲಿ ತಿಂದು, ಸ್ಟ್ಯಾಂಡಿನಲ್ಲೇ ಕಾಲು ಗಂಟೆ ಅತ್ತಿತ್ತ ನಡೆದು, 182 ಬರೆದುಕೊಂಡು ಬಂದರು. ಆ ಪುಟವನ್ನು ಅವರು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ವೈದ್ಯರೂ ಇದನ್ನು ಹೇಳಿದ್ದರಂತೆ. ಆದರೆ ತನ್ನಂತೆಯೇ ತಿನ್ನುವ, ತನ್ನ ಬೀದಿಯ ಇನ್ನೊಬ್ಬರ ಅಂಕಿ ಪಕ್ಕದಲ್ಲಿದ್ದಾಗ ಮಾತು ಬೇರೆ ರೀತಿ ನಾಟುತ್ತದೆ.

ಗುಂಪು ಕಟ್ಟುವವರು ಮೂರು ವಿಷಯಗಳಲ್ಲಿ ಕಟ್ಟುನಿಟ್ಟಾಗಿರಿ. ಒಬ್ಬರ ಸೂಜಿಯನ್ನು, ಚುಚ್ಚುವ ಪೆನ್ನನ್ನು ಇನ್ನೊಬ್ಬರು ಮುಟ್ಟಬಾರದು; ರಕ್ತದಿಂದ ಕಾಮಾಲೆಯ ಸೋಂಕು ಹರಡುತ್ತದೆ. ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಹೇಳಬಾರದು, ಕೊಡಲಂತೂ ಬಾರದು. ಅಂಕಿ ಹೆಚ್ಚು ಬಂದವರನ್ನು ಬಯ್ಯಬಾರದು. ಬಯ್ದರೆ ಅವರು ಮುಂದಿನ ವಾರ ಸುಳ್ಳು ಬರೆಯುತ್ತಾರೆ, ಅದರ ಮುಂದಿನ ವಾರ ಬರುವುದೇ ಇಲ್ಲ.

ನಡೆಯುವುದು ಎಲ್ಲಿ ಎಂಬ ಪ್ರಶ್ನೆ ನಮ್ಮ ಕಡೆ ದೊಡ್ಡದು. ಸಂಜೆಯಾದರೆ ತೋಟದ ದಾರಿಯಲ್ಲಿ ಆನೆ. ವಾಕಿಂಗ್ ಹೋಗಿ ಎಂದು ಬರೆದುಕೊಟ್ಟವರಿಗೆ ಇದು ತಿಳಿದಿರುವುದಿಲ್ಲ. ಬೇಸಗೆಯಲ್ಲಿ ಮನೆ ಪಕ್ಕದ ಕಾಫಿ ಕಣದ ಸುತ್ತ ನಡೆಯಿರಿ, ಮಳೆಯಲ್ಲಿ ಜಗಲಿಯ ಉದ್ದಕ್ಕೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಸಾಕು, ಮೂರು ಹೊತ್ತೂ ಆಗಬೇಕು.

ಸಕ್ಕರೆ ಇಳಿದಾಗ

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಕೊಯ್ಲಿನ ಕಾಲದಲ್ಲಿ ಬಹಳ ಎಚ್ಚರವಾಗಿರಬೇಕು. ಚೀಲ ಹೊತ್ತು ಇಳಿಜಾರು ಹತ್ತುವಾಗ, ಊಟ ತಡವಾದಾಗ ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಹುದು. ಬೆವರು, ನಡುಕ, ತಡೆಯಲಾಗದ ಹಸಿವು, ಮಾತು ತೊದಲುವುದು. ಬೆವರನ್ನು ಬಿಸಿಲಿನದು ಎಂದುಕೊಂಡು ಕೆಲಸ ಮುಂದುವರಿಸುವುದೇ ಅಪಾಯ. ಮೂರು ಚಮಚ ಸಕ್ಕರೆಯ ಪೊಟ್ಟಣ ಸದಾ ಮಡಿಲಲ್ಲಿರಲಿ. ಅದನ್ನು ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಕುಳಿತು ಮತ್ತೆ ನೋಡಿ. ಇನ್ನೂ ಕೆಳಗಿದ್ದರೆ ಮತ್ತೊಮ್ಮೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಸಾಲಿನಲ್ಲಿ ಪಕ್ಕದಲ್ಲಿ ಕೊಯ್ಯುವವರಿಗೆ ಇದು ಗೊತ್ತಿರಬೇಕು. ನಮ್ಮ ಗುಂಪಿನ ಲೈನ್ ಮನೆಯ ಹೆಂಗಸರು ಇಬ್ಬರೂ ಒಂದೇ ಸಾಲು ಕೇಳಿ ತೆಗೆದುಕೊಳ್ಳುವುದು ಇದಕ್ಕಾಗಿಯೇ. ಮದ್ಯ ತೆಗೆದುಕೊಳ್ಳುವ ರೂಢಿಯಿದ್ದವರು ಖಾಲಿ ಹೊಟ್ಟೆಯಲ್ಲಿ ಖಂಡಿತ ಬೇಡ. ರಾತ್ರಿ ನಿದ್ದೆಯಲ್ಲೇ ಸಕ್ಕರೆ ಇಳಿದುಬಿಡಬಹುದು.

ಮಳೆಗಾಲದಲ್ಲಿ ಕಾಲು ನೋಡಿಕೊಳ್ಳಿ. ಪಾದದ ಸ್ಪರ್ಶ ಕಡಿಮೆಯಾದವರಿಗೆ ಜಿಗಣೆ ಕಚ್ಚಿದ್ದು ತಿಳಿಯುವುದಿಲ್ಲ, ಗಾಯ ಬೂಟಿನೊಳಗೆ ಒದ್ದೆಯಲ್ಲಿ ಕೊಳೆಯುತ್ತದೆ. ಜಿಗಣೆಗೆಂದು ಸುಣ್ಣ ಹಚ್ಚುವ ರೂಢಿ ಬಿಡಿ, ಸುಟ್ಟರೂ ಗೊತ್ತಾಗದು. ಉದ್ದನೆಯ ದಪ್ಪ ಕಾಲುಚೀಲ ಹಾಕಿ. ಗಂಬೂಟನ್ನು ಕೊಡವಿ, ಒಳಗೆ ಕೈಯಾಡಿಸಿ ನೋಡಿ ತೊಡಿ. ಸಂಜೆ ಪಾದ ತೊಳೆದು, ಬೆರಳ ಸಂದುಗಳನ್ನು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಮನೆಯವರಿಂದ ನೋಡಿಸಿ.

ಹಬ್ಬದ ದಿನ

ಕೈಲ್‌ಪೊಳ್ದ್, ಪುತ್ತರಿ ಬಂದಾಗ ಹೋದ ಮನೆಯಲ್ಲೆಲ್ಲ ತಟ್ಟೆ ಮುಂದಿಡುತ್ತಾರೆ. ಬೇಡ ಎಂದರೆ ಹಿರಿಯರಿಗೆ ನೋವು. ನಾವು ಮುಂಚೆಯೇ ಹೇಳಿಬಿಡುತ್ತೇವೆ: “ಅವ್ವಾ, ತಂಬುಟ್ಟು ಒಂದು ಚಮಚ ಕೊಡಿ, ಅದನ್ನು ತಿಂದೇ ಹೋಗುತ್ತೇನೆ. ಕಾಫಿ ಸಪ್ಪೆ ಇರಲಿ.” ಬೇಡವೆನ್ನುವುದಕ್ಕಿಂತ ಇಷ್ಟು ಕೊಡಿ ಎನ್ನುವ ಮಾತನ್ನು ಅವರು ಸಂತೋಷದಿಂದ ಒಪ್ಪುತ್ತಾರೆ. ಆ ದಿನ ಮನೆಯಲ್ಲಿ ಬೆಳಗಿನ ರೊಟ್ಟಿಯನ್ನು ಅರ್ಧಕ್ಕಿಳಿಸಿ. ಮಳೆಗಾಲದ ಕಕ್ಕಡ ತಿಂಗಳ 18ರಂದು ಮಾಡುವ ಮದ್ದು ಸೊಪ್ಪಿನ ಪಾಯಸಕ್ಕೂ ಇದೇ ಕ್ರಮ: ಚಿಕ್ಕ ಬಟ್ಟಲು, ಅದು ಅನ್ನದ ಬದಲಿಗೆ. ಮರುದಿನ ಮೂತ್ರ ಕೆಂಪಾದರೆ ಅದು ಸೊಪ್ಪಿನ ಬಣ್ಣ, ಹೆದರಬೇಡಿ. ಆದರೆ ಆ ದಿನ ಸೊಪ್ಪಿನಲ್ಲಿ ಇರುತ್ತದೆ ಎನ್ನುವ ಹದಿನೆಂಟು ಮದ್ದು ಮೈಗೆ ಸೇರಿತು ಎಂದು ಅಂದಿನ ಮಾತ್ರೆ ಬಿಡಬೇಡಿ.

ಹಲಸು ಹಣ್ಣಾಗುವ ಹೊತ್ತಿಗೆ ನಮ್ಮ ಪಟ್ಟಿಯಲ್ಲಿರುವುದು ಕೂವಲೆ ಪುಟ್ಟು. ತರಿ, ಹಣ್ಣು, ಬೆಲ್ಲ ಮೂರೂ ಸೇರಿಸಿ ಎಲೆಯಲ್ಲಿ ಸುತ್ತಿ ಬೇಯಿಸುವ ತಿಂಡಿ ಅದು. ಒಬ್ಬೊಬ್ಬರಿಗೂ ಒಂದೇ ಎಲೆ, ಬೆಲ್ಲವಿಲ್ಲದೆ ಎಂದು ನಿಶ್ಚಯಿಸಿದ್ದೇವೆ. ಹಣ್ಣನ್ನು ತೂಗಿ ಹಂಚುವ ಕೆಲಸವನ್ನು ಮಾಲೀಕರ ತಾಯಿ ವಹಿಸಿಕೊಂಡಿದ್ದಾರೆ.