‘ಆಯಿತು’ ಬಿಟ್ಟು ‘ಮಾಡಿದೆ’ ಅಂದ ದಿನ

ಅಪ್ಪ ತೀರಿಕೊಂಡಿದ್ದು 2016ರಲ್ಲಿ. ಅಮ್ಮ ಮೊದಲೇ ಹೋಗಿದ್ದರು. ಅಪ್ಪನ ಎಫ್‌ಡಿ 2,40,000 ರೂಪಾಯಿ ಇತ್ತು. ಆಸ್ಪತ್ರೆ, ಸಮಾಧಿ ಎಲ್ಲ ಸೇರಿ 1,10,000 ಹೋಯಿತು. ತಂಗಿ ಕೇಳಿದಾಗ ‘ಎಲ್ಲಾ ಖರ್ಚಾಯ್ತಮ್ಮ’ ಅಂದೆ. ಅವಳು ನಂಬಿದಳು. ಉಳಿದ ದುಡ್ಡಲ್ಲಿ ನನ್ನ ಮನೆಗೆ ಟೈಲ್ಸ್ ಹಾಕಿಸಿದೆ.

ಆಮೇಲೆ ಆರು ವರ್ಷ ಚರ್ಚಿನಲ್ಲಿ ಅತ್ತಿದ್ದೇನೆ. ಆ ಕಣ್ಣೀರು ನಾಟಕ ಅಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಲೆಂಟ್ ಬಂತೆಂದರೆ 40 ದಿನ ಮಾಂಸ ಮುಟ್ಟುತ್ತಿರಲಿಲ್ಲ, ಪಾಪಕ್ಕೆ ಕ್ಷಮೆ ಬೇಡುವ ಬೈಬಲಿನ 51ನೇ ಕೀರ್ತನೆ ಓದುವಾಗ ಗಂಟಲು ಕಟ್ಟುತ್ತಿತ್ತು, ಅತ್ತು ಹೊರಗೆ ಬಂದರೆ ಎದೆ ಹಗುರ ಆಗುತ್ತಿತ್ತು, ಆ ಹಗುರವನ್ನೇ ನಾನು ಕ್ಷಮೆ ಅಂದುಕೊಂಡಿದ್ದೆ. ಮನೆಗೆ ಬಂದು ಅದೇ ಟೈಲ್ಸ್ ಮೇಲೆ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದೆ.

2022ರ ಲೆಂಟ್‌ನಲ್ಲಿ ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಬೈಬಲಿನಲ್ಲಿ ಬರುವ ಶ್ರೀಮಂತ ಸುಂಕದ ಅಧಿಕಾರಿ ಜಕ್ಕಾಯನ ಬಗ್ಗೆ ಪ್ರಸಂಗ ಮಾಡಿದರು. ಚಿಕ್ಕಂದಿನಿಂದ ಕೇಳಿದ ಕಥೆ. ಅವತ್ತು ಬೈಬಲ್ ತೆರೆದು ಲೂಕ 19 ನೋಡುತ್ತಾ ಕೂತಿದ್ದೆ. ಜಕ್ಕಾಯ ಅತ್ತ ಅಂತ ಅಲ್ಲಿ ಎಲ್ಲೂ ಇಲ್ಲ! ಎದ್ದು ನಿಂತು ಲೆಕ್ಕ ಹೇಳುತ್ತಾನೆ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್. ದುಡ್ಡು ಕೊಟ್ಟು ಅವನು ಕ್ಷಮೆ ಕೊಂಡುಕೊಳ್ಳಲಿಲ್ಲ, ಯೇಸು ಅವನ ಮನೆಗೆ ಬರುತ್ತೇನೆ ಅಂದಿದ್ದು ಮೊದಲು, ಲೆಕ್ಕ ಆಮೇಲೆ. ನನ್ನ ಮನೆಗೂ ಆತ ಎಷ್ಟೋ ಸಲ ಬಂದಿದ್ದ. ನಾನು ಮಾತ್ರ ಲೆಕ್ಕ ತೆಗೆದಿರಲಿಲ್ಲ.

ಅವತ್ತು ರಾತ್ರಿ ಒಂದು ಹಾಳೆ ತಗೊಂಡು ನಡೆದದ್ದನ್ನು ಬರೆದೆ. ಮೊದಲ ಸಲ ಮೂರು ‘ಆದರೆ’ ಬಂದವು. ಆದರೆ ಆಸ್ಪತ್ರೆಗೆ ಓಡಾಡಿದ್ದು ನಾನೇ. ಆದರೆ ಅವಳ ಗಂಡನಿಗೆ ಒಳ್ಳೆ ಸಂಬಳ. ಆದರೆ ಅವಳ ಮದುವೆಗೂ ಖರ್ಚಾಗಿದೆ. ಮೂರನ್ನೂ ಹೊಡೆದು ಹಾಕಿದೆ. ಆಮೇಲೆ ‘ತಪ್ಪಾಯಿತು’ ಅನ್ನೋ ಮಾತು ಚುಚ್ಚಿತು. ಆಯಿತು ಅಂದರೆ ಅದರಷ್ಟಕ್ಕೆ ಆದ ಹಾಗೆ ಅಲ್ವಾ? ‘ಖರ್ಚಾಯ್ತು’ ಅಂದಿದ್ದೂ ಹಾಗೇ. ‘ಸುಳ್ಳು ಹೇಳಿದೆ. ನಿನ್ನ ದುಡ್ಡು ತಿಂದೆ’ ಅಂತ ಬರೆಯೋಕೆ ತುಂಬಾ ಹೊತ್ತು ಬೇಕಾಯಿತು.

ಎಷ್ಟು ಕೊಡಬೇಕು? ಬೈಬಲಿನ ಅರಣ್ಯಕಾಂಡ 5:7ರಲ್ಲಿ ತಪ್ಪನ್ನು ಒಪ್ಪಿಕೊಂಡು, ಪೂರ್ತಿ ಕೊಟ್ಟು, ಮೇಲೆ ಐದರಲ್ಲೊಂದು ಪಾಲು ಸೇರಿಸಬೇಕು ಅಂತಿದೆ. ಅವಳ ಅರ್ಧ 65,000, ಮೇಲೆ 13,000. ಚೀಟಿ ಎತ್ತಿದೆ. ಹೆಂಡತಿಗೆ ಹೇಳಿದ ರಾತ್ರಿ ಅವಳು ಊಟ ಮಾಡಲಿಲ್ಲ.

ಹುಬ್ಬಳ್ಳಿಯಿಂದ ದಾವಣಗೆರೆಗೆ ಬಸ್ಸು ಹತ್ತಿದೆ. ಹರಿಹರ ದಾಟುವಾಗ ಇಳಿದು ವಾಪಸ್ ಹೋಗೋಣ ಅನ್ನಿಸಿತ್ತು. ತಂಗಿ ಕುಕ್ಕರ್ ಇಟ್ಟಿದ್ದಳು. ಹೇಳಿದೆ, ಹಾಳೆಯಲ್ಲಿ ಇದ್ದ ಹಾಗೇ. ಅವಳು ಸ್ಟೌ ಆರಿಸಿ ಬಂದು ಕೂತಳು.

‘ಅವತ್ತು ನಾನು ನಂಬಿದ್ನಲ್ಲ ಅಣ್ಣ, ಆಗ ನಿನಗೆ ಏನನ್ನಿಸ್ತು?’

‘ಬಚಾವಾದೆ ಅನ್ನಿಸ್ತು.’

ಅವಳು ದುಡ್ಡಿನ ಕವರ್ ತಗೊಂಡು ಒಳಗೆ ಹೋದಳು. ನಾಲ್ಕು ತಿಂಗಳು ಫೋನ್ ಮಾಡಲಿಲ್ಲ. ‘ಕ್ಷಮಿಸಿದೆಯಾ’ ಅಂತ ಕೇಳೋಕೆ ಕೈ ತುರಿಸುತ್ತಿತ್ತು. ಕೇಳಲಿಲ್ಲ. ಕೇಳಿದರೆ ಮತ್ತೆ ನನ್ನ ಎದೆ ಹಗುರ ಮಾಡಿಕೊಳ್ಳೋಕೆ ಅವಳನ್ನು ಬಳಸಿಕೊಂಡ ಹಾಗೆ. ಅವಳಿಗೋಸ್ಕರ ಪ್ರಾರ್ಥನೆ ಮಾತ್ರ ಮಾಡಿದೆ.

ಈಗ ಮಾತಾಡುತ್ತಾಳೆ, ಮೊದಲಿನಷ್ಟು ಜಾಸ್ತಿ ಇಲ್ಲ. ಅಪ್ಪನ ಹಳೇ ಮನೆಯ ತೆರಿಗೆ ಕಟ್ಟಿದಾಗಲೆಲ್ಲ ರಸೀದಿ ಫೋಟೊ ಕಳಿಸು ಅಣ್ಣ ಅನ್ನುತ್ತಾಳೆ. ಕಳಿಸುತ್ತೇನೆ.